ಮಂಜು, ಆ ಇಗ್ವಾನಾ ಮರಿ ಬೇಡ ಕಣೋ

ಪ್ರಿಯ ಮಂಜು,

ನೀನು ಕಳಿಸಿದ ಫೋಟೋ ನೋಡಿದೆ. ಗಿಳಿಹಸಿರು ಬಣ್ಣದ ಇಗ್ವಾನಾ ಮರಿ, ಅಂದರೆ ದೊಡ್ಡ ಹಲ್ಲಿ ಜಾತಿಯ ಪ್ರಾಣಿಯ ಮರಿ, ಪುಟ್ಟಿಯ ಅಂಗೈ ಮೇಲೆ ಅಲ್ಲಾಡದೆ ಕೂತಿದೆ. ಕೆಳಗೆ ನಿನ್ನ ಮೆಸೇಜು: "ತುಂಬಾ ಸಾಧು ಅಂತೆ, ಬರ್ತ್‌ಡೇಗೆ ಕೊಡಿಸಿಬಿಡಲಾ?" ನಾನು "ಬೇಡ" ಅಂತಷ್ಟೇ ಹಾಕಿದ್ದಕ್ಕೆ ನಿನಗೆ ಸ್ವಲ್ಪ ಬೇಜಾರಾಗಿದೆ. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ. ನಿನ್ನಂಥ ಅಪ್ಪಂದಿರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ, ಹಾಗಾಗಿ ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ನಿನ್ನ ಏರಿಯಾ ಹೇಳಲ್ಲ, ಹೆದರಬೇಡ.

ಆ ಮರಿ ಸಾಧುವಾಗಿ ಕೂತಿಲ್ಲ ಕಣೋ. ಅದಕ್ಕೆ ಚಳಿಯಾಗಿರಬೇಕು, ಇಲ್ಲವೇ ಹೆದರಿಕೆ. ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ಬಿಸಿಲ ನಾಡಿನ ಪ್ರಾಣಿ ಅದು. ಮೈ ಕಾಯಬೇಕಾದರೆ ಹೊರಗಿನ ಶಾಖವೇ ಬೇಕು. ಎಸಿ ಅಂಗಡಿಯಲ್ಲಿ ಇಟ್ಟರೆ ಮಂಕಾಗಿ ಬಿದ್ದಿರುತ್ತದೆ. ಮೈ ಬಿಸಿಯೇರಿದ ಮೇಲೆ ನೋಡು, ಬಾಲದಲ್ಲಿ ಚಾಟಿ ಬೀಸಿದ ಹಾಗೆ ಹೊಡೆಯುತ್ತದೆ.

ಈ ವಿದೇಶಿ ಪ್ರಾಣಿಗಳ ವ್ಯಾಪಾರದ ಗುಟ್ಟೇ ಇದು. ಬಾಲ್ ಪೈಥಾನ್ ಅಂತ ಪಶ್ಚಿಮ ಆಫ್ರಿಕಾದ ಒಂದು ಪುಟ್ಟ ಹೆಬ್ಬಾವು ಮಾರುತ್ತಾರೆ. ಹೆದರಿದಾಗ ತಲೆಯನ್ನು ಒಳಗೆ ಬಚ್ಚಿಟ್ಟುಕೊಂಡು ಉಂಡೆಯಾಗುತ್ತದೆ, ಅದಕ್ಕೇ ಆ ಹೆಸರು. ಗಿರಾಕಿ ಮಾತ್ರ "ಪಾಪ, ಎಷ್ಟು ಮುದ್ದು" ಅಂತಾನೆ. ಶುಗರ್ ಗ್ಲೈಡರ್ ಅಂತ ಇನ್ನೊಂದಿದೆ, ಹಾರುವ ಅಳಿಲಿನಂತೆ ಕಾಣುವ, ರಾತ್ರಿ ಓಡಾಡುವ ಪುಟ್ಟ ಪ್ರಾಣಿ. ನಾವು ಅಂಗಡಿಗೆ ಹೋಗುವುದು ಹಗಲು. ಅದು ಜೇಬಿನಲ್ಲಿ ನಿದ್ದೆ ಮಾಡುತ್ತಿರುತ್ತದೆ, ನಾವು ಕರಗಿಹೋಗುತ್ತೇವೆ. ಮನೆಗೆ ತಂದ ಮೇಲೆ ನಡುರಾತ್ರಿ ನಾಯಿಮರಿ ಬೊಗಳಿದ ಹಾಗೆ ಸದ್ದು ಮಾಡುತ್ತದೆ. ಒಂಟಿಯಾಗಿಟ್ಟರೆ ಕೊರಗುತ್ತದೆ, ಯಾಕೆಂದರೆ ಅದು ಗುಂಪಿನಲ್ಲಿ ಬದುಕುವ ಜೀವ. ಚಳಿ, ಹೆದರಿಕೆ, ನಿದ್ದೆ. ಮೂರಕ್ಕೂ ಅಂಗಡಿಯವನು ಇಟ್ಟ ಹೆಸರು ಒಂದೇ: ಸಾಧು.

ಇನ್ನು ನಿನ್ನ ಇಗ್ವಾನಾ. ಚೆನ್ನಾಗಿ ಸಾಕಿದರೆ ಬಾಲ ಸೇರಿ ಐದಾರು ಅಡಿ ಬೆಳೆಯುತ್ತದೆ. ಹದಿನೈದು, ಇಪ್ಪತ್ತು ವರ್ಷ ಬದುಕಬಹುದು. ಪುಟ್ಟಿಗೆ ಈಗ ಎಂಟು. ಅವಳು ಪಿಯುಸಿ ಮುಗಿಸಿ ಹಾಸ್ಟೆಲ್‌ಗೆ ಹೋಗುತ್ತಾಳೆ, ಸೊಪ್ಪು ಹೆಚ್ಚುವವನು ನೀನೇ. ಸೊಪ್ಪು ಬಿಡು, ಮಾರ್ಕೆಟ್‌ನಲ್ಲಿ ಸಿಗುತ್ತದೆ. ಬಿಸಿಲು ಎಲ್ಲಿಂದ ತರ್ತೀಯ? ಬಿಸಿಲಿನಲ್ಲಿರುವ ಯುವಿ-ಬಿ ಕಿರಣ ಇಲ್ಲದಿದ್ದರೆ ಅದರ ಮೈಯಲ್ಲಿ ವಿಟಮಿನ್ ಡಿ ತಯಾರಾಗುವುದಿಲ್ಲ, ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ದವಡೆ ಮೆತ್ತಗಾಗುತ್ತದೆ, ಕಾಲಿನ ಮೂಳೆ ಬಾಗುತ್ತದೆ. ಕಿಟಕಿ ಪಕ್ಕ ಇಡ್ತೀನಿ ಅನ್ನಬೇಡ. ಆ ಕಿರಣವನ್ನು ಕಿಟಕಿಯ ಗಾಜು ತಡೆದುಬಿಡುತ್ತದೆ. ಅದಕ್ಕೇ ಬೇರೆ ಬಲ್ಬು ಬೇಕು. ಉರಿಯುತ್ತಿದ್ದರೂ ಅದರ ಯುವಿ-ಬಿ ದಿನ ಕಳೆದಂತೆ ಕಡಿಮೆಯಾಗುತ್ತದೆ, ಆಗಾಗ ಬದಲಾಯಿಸಬೇಕು. ಇದನ್ನೆಲ್ಲ ಅಂಗಡಿಯವನು ಹೇಳಿದನಾ?

ನಮ್ಮ ಬಿಲ್ಡಿಂಗ್‌ನ ಮೂರನೇ ಮಹಡಿಯವರು ಮನೆಗೆ ಅದೃಷ್ಟ ಅಂತ ಆಮೆಮರಿ ತಂದಿದ್ದರು. ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುತ್ತಲ್ಲ, ರೆಡ್-ಇಯರ್ಡ್ ಸ್ಲೈಡರ್, ಅದೇ. ತಂದಾಗ ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಪ್ಲಾಸ್ಟಿಕ್ ಡಬ್ಬಿ, ಒಳಗೊಂದು ಪ್ಲಾಸ್ಟಿಕ್ ತೆಂಗಿನಮರ. ಈಗ ಅದು ಊಟದ ತಟ್ಟೆಯಷ್ಟಿದೆ. ಯುಟಿಲಿಟಿಯಲ್ಲಿ ವಾಷಿಂಗ್ ಮೆಷಿನ್ ಪಕ್ಕ, ಬಟ್ಟೆ ನೆನೆಸುವ ಟಬ್‌ನಲ್ಲಿ ವಾಸ. ಹೋದ ತಿಂಗಳು ಹೋದಾಗ ನೋಡಿದೆ, ಎರಡೂ ಕಣ್ಣು ಊದಿಕೊಂಡು ಮುಚ್ಚಿಹೋಗಿದ್ದವು. ಸರಿಯಾದ ಆಹಾರ ಇಲ್ಲದೆ ವಿಟಮಿನ್ ಎ ಕೊರತೆ ಆಗಿದೆ ಅಂದರಂತೆ ಡಾಕ್ಟರು. ಕಣ್ಣು ಕಾಣದ್ದಕ್ಕೆ ಊಟ ಮುಟ್ಟುತ್ತಿರಲಿಲ್ಲ. ಅಂಥ ಡಾಕ್ಟರನ್ನು ಹುಡುಕುವುದೇ ಒಂದು ಪಾಡು. ನಾಯಿ, ಬೆಕ್ಕು ನೋಡುವವರು ಬೀದಿಗೊಬ್ಬರಿದ್ದಾರೆ, ಆಮೆ ನೋಡುವವರು ಕಡಿಮೆ.

"ಕೆರೆಗೆ ಬಿಟ್ಟುಬಿಡೋಣ, ಪುಣ್ಯ ಬರುತ್ತೆ" ಅನ್ನುತ್ತಿದ್ದರು ಆ ಮನೆಯ ಅಜ್ಜಿ. ಬೇಡಿ ಅಂತ ಕೈಮುಗಿದೆ. ಅಮೆರಿಕದ ಮಿಸಿಸಿಪಿ ಕಡೆಯ ಆಮೆ ಅದು. ಇಲ್ಲಿನ ಕೆರೆಗೆ ಇಳಿದರೆ ನಮ್ಮ ಕರಿ ಆಮೆಯ ಜೊತೆ ಊಟಕ್ಕೂ, ಬಿಸಿಲು ಕಾಯುವ ಕಲ್ಲಿಗೂ ಪೈಪೋಟಿಗೆ ನಿಲ್ಲುತ್ತದೆ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ, ಅಂದರೆ ಹೊರಗಿನಿಂದ ಬಂದು ಅಲ್ಲಿನ ಜೀವಿಗಳನ್ನು ಮೂಲೆಗೆ ತಳ್ಳುವಂಥವುಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಅದರ ತವರಾದ ಅಮೆರಿಕದಲ್ಲೇ 1975ರಿಂದ ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕಲು ಮಾರುವಂತಿಲ್ಲ. ಮಕ್ಕಳು ಅದನ್ನು ಮುಟ್ಟಿ, ಬಾಯಿಗಿಟ್ಟು, ವಾಂತಿಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹತ್ತಿಸಿಕೊಳ್ಳುತ್ತಿದ್ದರು. ಪುಟ್ಟಿಗೆ ಇಗ್ವಾನಾ ಬದಲು ಆಮೆ ಕೊಡಿಸ್ತೀನಿ ಅಂತ ನೀನು ಹೇಳುವ ಮೊದಲೇ ಹೇಳಿಬಿಟ್ಟೆ. ಇಗ್ವಾನಾದಿಂದಲೂ ಅದೇ ಸಾಲ್ಮೊನೆಲ್ಲಾ ಬರಬಹುದು.

ಇವೆಲ್ಲ ಎಲ್ಲಿಂದ ಬರುತ್ತವೆ ಅಂತ ಯೋಚಿಸಿದ್ದೀಯಾ? ಕೆಲವನ್ನು ಇಲ್ಲೇ ಮರಿ ಮಾಡಿಸುತ್ತಾರೆ, ನಿಜ. ಆದರೆ 2023ರ ಆಗಸ್ಟ್‌ನಲ್ಲಿ ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೇ ಬ್ಯಾಂಕಾಕ್‌ನಿಂದ ಬಂದವನ ಸೂಟ್‌ಕೇಸ್‌ನಲ್ಲಿ 234 ಪ್ರಾಣಿಗಳು ಸಿಕ್ಕವು. ಹೆಬ್ಬಾವು, ಗೋಸುಂಬೆ, ಇಗ್ವಾನಾ, ಆಮೆ. ಒಂದು ಕಾಂಗರೂ ಮರಿಯೂ ಇತ್ತು, ಉಸಿರುಗಟ್ಟಿ ಸತ್ತಿತ್ತು. ನಿನ್ನ ಅಂಗಡಿಯ ಮರಿ ಹಾಗೇ ಬಂದಿದೆ ಅನ್ನುತ್ತಿಲ್ಲ. ಎಲ್ಲಿಂದ ಬಂತು ಅಂತ ಅವನು ಕಾಗದ ತೋರಿಸಲಿ ಅನ್ನುತ್ತಿದ್ದೇನೆ.

"ಫಾರಿನ್ ಪ್ರಾಣಿ ಸಾರ್, ಕೇಸಾಗಲ್ಲ" ಅನ್ನುವ ಮಾತನ್ನು ನಂಬಬೇಡ. ಅದು ಹಳೇ ಕಥೆ. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತು, 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿ ಮನೆಯಲ್ಲಿದ್ದರೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಇಗ್ವಾನಾ ಆ ಪಟ್ಟಿಯಲ್ಲಿದೆ. ಅಂಗಡಿಯೂ ಅಷ್ಟೇ, 2018ರ ಪೆಟ್ ಶಾಪ್ ನಿಯಮದ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು. ಸರ್ಟಿಫಿಕೇಟ್ ಕೇಳಿ ನೋಡು, ಮುಖ ಹೇಗಾಗುತ್ತೆ ಅಂತ. ಅಂದಹಾಗೆ ನಮ್ಮದೇ ಹಸಿರು ಗಿಳಿಯನ್ನು ಪಂಜರದಲ್ಲಿಡುವುದೂ ಅಪರಾಧವೇ. ಎಷ್ಟು ಮನೆಗಳಲ್ಲಿ "ರಾಮಾ" ಅನ್ನುತ್ತಾ ಕೂತಿವೆಯೋ!

ನನಗೆ ಸಿಟ್ಟು ಇರುವುದು ನಿನ್ನಂಥವರ ಮೇಲಲ್ಲ. ಮಗು ಕೇಳಿದಾಗ ಕರಗದ ಅಪ್ಪ ಯಾರು? ಆ ಕರಗುವ ಹತ್ತು ನಿಮಿಷವನ್ನೇ ಲೆಕ್ಕ ಹಾಕಿ ಮರಿಯನ್ನು ಮಗುವಿನ ಕೈಗೆ ಇಡುತ್ತಾರಲ್ಲ, ಅದರ ಮೇಲೆ. ನನ್ನ ಕೈಯಲ್ಲಿದ್ದರೆ ಒಂದೇ ರೂಲ್ ಮಾಡುತ್ತಿದ್ದೆ: ಮರಿ ಮಾರುವವನು ಪಕ್ಕದಲ್ಲೇ ಬೆಳೆದ ಪ್ರಾಣಿಯನ್ನೂ ಇಟ್ಟುಕೊಂಡಿರಬೇಕು. ಐದಡಿ ಇಗ್ವಾನಾ ಬಾಯಿ ತೆರೆದು ನೋಡುತ್ತಿದ್ದರೆ ಅರ್ಧ ಗಿರಾಕಿಗಳು ಮೆಟ್ಟಿಲಲ್ಲೇ ವಾಪಸ್.

ಪುಟ್ಟಿಯ ಹುಟ್ಟುಹಬ್ಬಕ್ಕೆ ಬನ್ನೇರುಘಟ್ಟಕ್ಕೆ ಕರೆದುಕೊಂಡು ಹೋಗೋಣ, ನಾನೂ ಬರ್ತೀನಿ. ಚಿಟ್ಟೆ ಪಾರ್ಕ್ ಅವಳು ಇನ್ನೂ ನೋಡಿಲ್ಲ ಅಲ್ವಾ? ಬುತ್ತಿ ನಮ್ಮ ಮನೆಯದು, ಪುಳಿಯೋಗರೆ ಮಾಡಿಸ್ತೀನಿ. ಮಂಗಳವಾರ ಮಾತ್ರ ಬೇಡ, ಅವತ್ತು ಝೂಗೆ ರಜೆ.

ನಿನ್ನ,
ಶ್ರೀಧರ