ಒಟಿಪಿ ಮಗುವಿನ ವಯಸ್ಸು ಹೇಳದು

ಮಾನ್ಯ ಸಂಪಾದಕರೇ,

ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರು ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ಯೂಟ್ಯೂಬ್‌ಗಳಲ್ಲಿ ಖಾತೆ ಹೊಂದುವಂತಿಲ್ಲ. ದಂಡ ಮಕ್ಕಳಿಗಲ್ಲ, ಪೋಷಕರಿಗೂ ಅಲ್ಲ, ಕಂಪನಿಗೆ, 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ. ಹೊಣೆ ಸರಿಯಾದವರ ಮೇಲೇ ಬಿದ್ದಿದೆ. ಆದರೆ ನಿಷೇಧವಿರುವುದು ಖಾತೆಗೆ, ನೋಡುವುದಕ್ಕಲ್ಲ. ಲಾಗಿನ್ ಆಗದೆ ಯೂಟ್ಯೂಬ್ ನೋಡಿದರೆ, ಪೋಷಕರು ಖಾತೆಯಲ್ಲಿ ಹಾಕಿದ್ದ ಕಡಿವಾಣವೂ ತಪ್ಪಿಹೋಗುತ್ತದೆ.

ನಮ್ಮಲ್ಲಿನ ತೊಡಕೇ ಬೇರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಖಚಿತ ಒಪ್ಪಿಗೆ ಬೇಕು. ಸಿಮ್ ಅಪ್ಪನ ಹೆಸರಲ್ಲಿ, ಫೋನ್ ಮಗಳ ಕೈಯಲ್ಲಿ. ಒಪ್ಪಿಗೆ ಖಚಿತಪಡಿಸಲೆಂದು ಬಂದ ಒಟಿಪಿಯನ್ನು ಅವಳೇ ಒತ್ತುತ್ತಾಳೆ. ಒಪ್ಪಿಗೆಯ ಕೋರಿಕೆ ಪೋಷಕರ ಬಳಿಯಿರುವ ಬೇರೆ ಫೋನಿಗೇ ಹೋಗಬೇಕು. ತಡರಾತ್ರಿಯ ನೋಟಿಫಿಕೇಶನ್, ತಾನಾಗಿ ಓಡುವ ವಿಡಿಯೊ ಮಕ್ಕಳ ಖಾತೆಯಲ್ಲಿ ಮೊದಲಿನಿಂದಲೇ ಬಂದ್ ಆಗಿರಬೇಕು.

– ಓದುಗ, ದಾವಣಗೆರೆ