ಈ ಚಳಿಗಾಲದಿಂದ ನಮ್ಮ ಕಛ್ ಪ್ರವಾಸ ಬದಲಾಗುತ್ತಿದೆ: ಗ್ರಾಹಕರಿಗೆ ಪತ್ರ

ಪ್ರೀತಿಯ ಪ್ರವಾಸಿ ಬಂಧುಗಳಿಗೆ ನಮಸ್ಕಾರ.

ದಸರಾ ಮುಗಿಯುತ್ತಿದ್ದ ಹಾಗೆ ನಿಮ್ಮ ಫೋನ್‌ಗಳು ಶುರುವಾಗುತ್ತವೆ. ಗುಜರಾತಿನ ಕಛ್‌ಗೆ ಯಾವಾಗ ಹೊರಡುವುದು, ಹುಣ್ಣಿಮೆಗೆ ಬಿಳಿ ರಣದಲ್ಲಿ, ಅಂದರೆ ಅಲ್ಲಿನ ಉಪ್ಪಿನ ಬಯಲಿನಲ್ಲಿ, ಇರುತ್ತೇವಾ, ರೇಟ್ ಎಷ್ಟು ಅಂತ. ಈ ಸಲ ಅದಕ್ಕೆ ಮುಂಚೆಯೇ ಈ ಪತ್ರ ನಿಮ್ಮ ಕೈ ಸೇರಲಿ ಎಂದು ಬರೆಯುತ್ತಿದ್ದೇವೆ. ಹುಬ್ಬಳ್ಳಿಯಿಂದ ನಾವು ನಡೆಸುವ ಚಳಿಗಾಲದ ಕಛ್ ಪ್ರವಾಸ ಈ ವರ್ಷದಿಂದ ಬೇರೆ ರೀತಿ ಇರುತ್ತದೆ. ದಿನ ಜಾಸ್ತಿ, ಜನ ಕಡಿಮೆ, ದರವೂ ಜಾಸ್ತಿ. ಯಾಕೆ ಹೀಗೆ ಮಾಡಿದೆವು ಎಂದು ನಿಮಗೆ ಬಿಡಿಸಿ ಹೇಳಬೇಕು.

ಮೊದಲು ಬದಲಾವಣೆ ಏನೆಂದು ಹೇಳಿಬಿಡುತ್ತೇವೆ. ಐದು ದಿನದ ಪ್ರವಾಸ ಇನ್ನು ಏಳು ದಿನ. ಒಂದು ತಂಡಕ್ಕೆ 24 ಜನರ ಬದಲು 12 ಜನ. ಬಿಳಿ ರಣದ ಅಂಚಿನ ಧೋರ್ಡೋ ಹಳ್ಳಿಯ ಟೆಂಟ್ ಸಿಟಿಯಲ್ಲಿ ಎರಡು ರಾತ್ರಿ ಇರುತ್ತಿದ್ದೆವು, ಇನ್ನು ಅಲ್ಲಿ ತಂಗುವುದಿಲ್ಲ. ಬಿಳಿ ರಣಕ್ಕೆ ಒಂದು ಸಂಜೆ ಪೂರ್ತಿ ಇಟ್ಟಿದ್ದೇವೆ. ಉಳಿದ ಹಗಲು ಹೆಚ್ಚಾಗಿ ಭುಜ್ ಸುತ್ತಲಿನ ಕಸುಬುದಾರರ ಊರುಗಳಲ್ಲಿ ಕಳೆಯುತ್ತೇವೆ. ಇನ್ನೊಂದು ಬದಲಾವಣೆ ಇದೆ, ನಮ್ಮ ಮಟ್ಟಿಗೆ ಅದೇ ದೊಡ್ಡದು. ನಮಗೆ ಕೂತು ಕೆಲಸ ತೋರಿಸುವ ಪ್ರತಿ ಮನೆಗೂ ಆ ಹೊತ್ತಿಗೆ ಸಂಭಾವನೆ ಕೊಡುತ್ತೇವೆ. ನೀವು ಅಲ್ಲಿ ಸೀರೆ ಕೊಂಡರೂ ಸರಿ, ಒಂದು ಕರವಸ್ತ್ರವನ್ನೂ ಕೊಳ್ಳದೆ ಎದ್ದರೂ ಸರಿ.

ಕಛ್‌ಗೆ ಜನ ಬರುವುದೇ ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಅಲ್ಲಿ ಹಗಲು ಓಡಾಡಲು ಆಗುವುದಿಲ್ಲ. ಮಳೆಗಾಲದಲ್ಲಿ ದೊಡ್ಡ ರಣದ ತುಂಬ ಮಳೆ ನೀರು, ಸಮುದ್ರದ ನೀರು ಹರಡಿಕೊಳ್ಳುತ್ತದೆ. ಅದು ಆರಿ, ಉಪ್ಪಿನ ಪದರ ಬಿಟ್ಟು ಹೋದ ಮೇಲೆ ಬಿಳಿ ರಣ ಕಾಣುತ್ತದೆ. ಗುಜರಾತ್ ಸರ್ಕಾರದ ರಣ್ ಉತ್ಸವ, ಭುಜ್ ಹತ್ತಿರದ ಕರಕುಶಲ ಮೇಳಗಳು, ಹಾಡಿನ ಬೈಠಕ್‌ಗಳು ಎಲ್ಲವೂ ಈ ಕೆಲವೇ ತಿಂಗಳಲ್ಲಿ ಬಂದು ಕೂತಿವೆ. 2023ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ ಧೋರ್ಡೋವನ್ನು ಅತ್ಯುತ್ತಮ ಪ್ರವಾಸಿ ಹಳ್ಳಿಗಳ ಪಟ್ಟಿಗೆ ಸೇರಿಸಿತು. ಊರಿಗೆ ಒಳ್ಳೆಯದೇ ಆಯಿತು.

ಆದರೆ ಅಲ್ಲಿನ ನೇಕಾರರಿಗೆ, ಅಚ್ಚು ಹಾಕುವವರಿಗೆ ಕೂಡ ಇದೇ ಸುಗ್ಗಿ ಕಾಲ. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ಬಣ್ಣದ ಕೆಲಸ ನಿಧಾನವಾಗುತ್ತದೆ. ವರ್ಷದ ಆರ್ಡರ್ ಚಳಿಗಾಲದಲ್ಲೇ ಮುಗಿಸಬೇಕು. ದಿಲ್ಲಿ, ಮುಂಬೈ, ಬೆಂಗಳೂರಿನ ಮೇಳಗಳಿಗೂ ಆಗಲೇ ಹೊರಡಬೇಕು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಅಂಗಳದ ಮೇಳಗಳಲ್ಲಿ ಕಛ್‌ನವರ ಮಳಿಗೆ ನಿಮ್ಮಲ್ಲಿ ಎಷ್ಟೋ ಜನ ನೋಡಿರುತ್ತೀರಿ. ಇಷ್ಟೆಲ್ಲದರ ನಡುವೆ ದಿನಕ್ಕೆ ಒಂದರ ಹಿಂದೆ ಒಂದು ಬಸ್ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಒಂದಷ್ಟು ಜನ ಇಳಿಯುತ್ತಾರೆ. ಮನೆಯವರು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಬಂದು, ಮೊದಲಿನಿಂದ ಕೊನೆವರೆಗೆ ಎಲ್ಲ ವಿವರಿಸುತ್ತಾರೆ. ಚಹಾ ಕೊಡುತ್ತಾರೆ. ಬಂದವರು ಫೋಟೊ ತೆಗೆದುಕೊಂಡು ಹೊರಡುತ್ತಾರೆ. ಕೊಳ್ಳಲೇಬೇಕು ಎಂದು ಯಾರಿಗೂ ಹೇಳಲು ಆಗುವುದಿಲ್ಲ, ಹೇಳಲೂಬಾರದು. ಆದರೆ ಹೋದ ಅರ್ಧ ದಿನ ಯಾರ ಲೆಕ್ಕಕ್ಕೆ? ಕಲಿಸುವುದೂ ದುಡಿಮೆಯೇ ಅಲ್ವಾ? ಆ ದುಡಿಮೆಗೆ ಪ್ರವಾಸ ನಡೆಸುವ ನಾವು ದುಡ್ಡು ಕೊಡಬೇಕು ಎನ್ನುವುದು ನಮ್ಮ ತೀರ್ಮಾನ.

ಉದಾಹರಣೆಗೆ ಅಜ್ರಖ್ ನೋಡಿ, ಮರದ ಅಚ್ಚು ಒತ್ತಿ ನೈಸರ್ಗಿಕ ಬಣ್ಣ ಕಟ್ಟುವ ಬಟ್ಟೆ ಅದು. ಭುಜ್‌ನಿಂದ ಸ್ವಲ್ಪ ದೂರದಲ್ಲಿ ಅಜ್ರಖ್‌ಪುರ ಇದೆ. ಹೆಸರು ಕೇಳಿದರೆ ಹಳೆಯ ಊರು ಅನ್ನಿಸುತ್ತದೆ. ಆದರೆ ಅದು ಹುಟ್ಟಿದ್ದು 2001ರ ಜನವರಿ 26ರ ಭೂಕಂಪದ ನಂತರ. ಅಚ್ಚಿನ ಕೆಲಸ ಮಾಡುವ ಖತ್ರಿ ಮನೆತನಗಳು ಧಮಡ್ಕಾ ಎಂಬ ಊರಿನಲ್ಲಿದ್ದವು. ಭೂಕಂಪದಲ್ಲಿ ಆ ಊರು ನೆಲಸಮವಾಯಿತು. ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಾಗಿ ಬಣ್ಣ ಕೆಡತೊಡಗಿತು. ಆಗ ಹಲವು ಮನೆಗಳು ಒಟ್ಟಾಗಿ ಭುಜ್ ಹತ್ತಿರ ಜಮೀನು ಕೊಂಡು ಹೊಸ ಊರು ಕಟ್ಟಿಕೊಂಡವು. ಇಸ್ಮಾಯಿಲ್ ಮೊಹಮ್ಮದ್ ಖತ್ರಿ ಅವರು ಆ ಕೆಲಸದ ಮುಂದಾಳು. ನೈಸರ್ಗಿಕ ಬಣ್ಣದ ಕೆಲಸಕ್ಕಾಗಿ ಇಂಗ್ಲೆಂಡಿನ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿದೆ. ಕಛ್ ಅಜ್ರಖ್‌ಗೆ 2024ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿತು.

ಒಂದು ಅಜ್ರಖ್ ಬಟ್ಟೆ ತಯಾರಾಗಲು ಹತ್ತಕ್ಕಿಂತ ಜಾಸ್ತಿ ಹಂತ ಬೇಕು, ವಾರಗಳೇ ಹಿಡಿಯುತ್ತವೆ. ಬಟ್ಟೆಯನ್ನು ಚೆನ್ನಾಗಿ ತೊಳೆದು ಗಂಜಿ ಬಿಡಿಸಿ, ಅಳಲೆಕಾಯಿ ನೀರಿನಲ್ಲಿ ಅದ್ದುತ್ತಾರೆ. ತೆಳು ಹಳದಿ ಬರುತ್ತದೆ. ಎಲ್ಲಿ ಬಿಳಿ ಉಳಿಯಬೇಕೋ ಅಲ್ಲಿ ಸುಣ್ಣ ಮತ್ತು ಅಂಟು ಕಲಸಿ ಮರದ ಅಚ್ಚಿನಿಂದ ಒತ್ತುತ್ತಾರೆ. ಕಪ್ಪು ಬಣ್ಣ ಬರುವುದು ಗುಜರಿ ಕಬ್ಬಿಣ ಮತ್ತು ಬೆಲ್ಲದಿಂದ. ಎರಡನ್ನೂ ನೀರಿನಲ್ಲಿ ದಿನಗಟ್ಟಲೆ ಕೊಳೆಹಾಕಿ, ಹುಣಸೆ ಬೀಜದ ಪುಡಿ ಹಾಕಿ ಗಟ್ಟಿ ಮಾಡುತ್ತಾರೆ. ಕೆಂಪು ಬೇಕಾದ ಕಡೆ ಪಟಿಕ ಒತ್ತುತ್ತಾರೆ. ಆಮೇಲೆ ನೀಲಿಯ ತೊಟ್ಟಿ, ಬಿಸಿಲು, ಮತ್ತೆ ತೊಳೆಯುವುದು. ಕೊನೆಗೆ ಮಂಜಿಷ್ಠದಂಥ ಬಣ್ಣದಲ್ಲಿ ಕುದಿಸಿದಾಗ, ಪಟಿಕ ಒತ್ತಿದ ಕಡೆ ಮಾತ್ರ ಕೆಂಪು ಎದ್ದು ಬರುತ್ತದೆ. ಒಳ್ಳೆಯ ಅಜ್ರಖ್‌ನಲ್ಲಿ ಬಟ್ಟೆಯ ಎರಡೂ ಮಗ್ಗುಲಿಗೆ ಅಚ್ಚು ಹಾಕಿರುತ್ತಾರೆ, ಗೆರೆ ಗೆರೆಗೆ ಕೂರುವ ಹಾಗೆ. ಇದನ್ನು ನಲವತ್ತು ನಿಮಿಷದಲ್ಲಿ ತೋರಿಸಿ ಮುಗಿಸಲು ಆಗುವುದಿಲ್ಲ. ಅದಕ್ಕೇ ಅಜ್ರಖ್‌ಪುರಕ್ಕೆ ಈಗ ಎರಡು ಸಲ ಹೋಗುತ್ತೇವೆ. ಪ್ರವಾಸದ ಮೊದಲ ದಿನ ನೀವೇ ಒಂದು ತುಂಡು ಬಟ್ಟೆಗೆ ಅಚ್ಚು ಹಾಕುತ್ತೀರಿ. ಅದು ನೀಲಿಯಲ್ಲಿ ಮುಳುಗಿ, ಒಣಗಿ, ಕುದ್ದು ಬಂದ ಮೇಲೆ, ಆರನೇ ದಿನ ಹೋಗಿ ನೋಡುತ್ತೀರಿ. ಪ್ರವಾಸ ಏಳು ದಿನ ಆಗಿದ್ದಕ್ಕೆ ನಿಜವಾದ ಕಾರಣ ಇದೇ.

ಇದನ್ನು ಒಮ್ಮೆ ಕಣ್ಣಾರೆ ನೋಡಿದರೆ ಇನ್ನೊಂದು ಲಾಭವಿದೆ. ರಸ್ತೆ ಬದಿಯ ಎಷ್ಟೋ ಮಳಿಗೆಗಳಲ್ಲಿ ಅಜ್ರಖ್ ಎಂದು ಮಾರುವುದು ಯಂತ್ರದಲ್ಲಿ ಮುದ್ರಿಸಿದ ಬಟ್ಟೆ. ಕೈ ಅಚ್ಚಿನಲ್ಲಿ ಒಂದು ಅಚ್ಚು ಇನ್ನೊಂದಕ್ಕೆ ಸೇರುವ ಜಾಗದಲ್ಲಿ ಸಣ್ಣ ಗೆರೆಯೋ, ಕೂದಲೆಳೆಯಷ್ಟು ಸರಿದದ್ದೋ ಕಾಣುತ್ತದೆ. ಯಂತ್ರದ್ದರಲ್ಲಿ ಎಲ್ಲ ಒಂದೇ ಸಮ, ಹಿಂಬದಿ ಮಾತ್ರ ಮಂಕು. ಕೈಯಿಂದ ಮಾಡಿದ ಬಟ್ಟೆಯ ಬೆಲೆ ಯಾಕೆ ಜಾಸ್ತಿ ಎಂದು ಆಮೇಲೆ ನೀವು ಕೇಳುವುದಿಲ್ಲ.

ನೇಕಾರರ ಊರಾದ ಭುಜೋಡಿಯಲ್ಲಿ ಒಂದು ಹಗಲು ಇರುತ್ತೇವೆ. ಇಳಕಲ್, ಗುಳೇದಗುಡ್ಡದ ಕಡೆಯವರಿಗೆ ಅಲ್ಲಿನ ಕುಣಿಮಗ್ಗ ಹೊಸದಲ್ಲ. ಅಲ್ಲಿನ ವಣಕರ್ ಸಮುದಾಯದ ನೇಕಾರರು ತಲೆಮಾರುಗಳಿಂದ ಕುರಿ ಸಾಕುವ ರಬಾರಿಗಳಿಗೆ ಉಣ್ಣೆಯ ಕಂಬಳಿ, ಶಾಲು ನೇಯ್ದು ಕೊಡುತ್ತಾ ಬಂದವರು. ಉಣ್ಣೆ ಬರುತ್ತಿದ್ದದ್ದೂ ರಬಾರಿಗಳ ಕುರಿಗಳಿಂದಲೇ. ಈಗ ಅಲ್ಲಿ ಕಾಲಾ ಕಾಟನ್ ಎಂಬ ಹತ್ತಿಯನ್ನೂ ನೇಯುತ್ತಾರೆ. ಎಳೆ ಗಿಡ್ಡ, ಮಳೆ ನೀರಿನಲ್ಲೇ ಬೆಳೆಯುತ್ತದೆ, ಔಷಧಿ ಹೊಡೆಯುವ ಗೋಜಿಲ್ಲ. ನಮ್ಮ ಧಾರವಾಡ, ಗದಗ ಸೀಮೆಯ ಜಯಧರ ಹತ್ತಿಯೂ ಇದೇ ಜಾತಿಯದು. ಹೈಬ್ರಿಡ್ ಬಂದ ಮೇಲೆ ನಮ್ಮಲ್ಲಿ ಜವಾರಿ ಹತ್ತಿ ಮೂಲೆ ಸೇರಿತು. ಕಛ್‌ನಲ್ಲಿ ಖಮೀರ್ ಎಂಬ ಸಂಸ್ಥೆ ರೈತರನ್ನೂ ನೇಕಾರರನ್ನೂ ಸೇರಿಸಿ ಅದಕ್ಕೆ ಮತ್ತೆ ಮಾರುಕಟ್ಟೆ ಮಾಡಿಕೊಟ್ಟಿತು. ನಮ್ಮ ಕಡೆಯ ರೈತರು, ನೇಕಾರರು ಯಾರಾದರೂ ಜೊತೆಗೆ ಬಂದರೆ ಇದನ್ನು ತಪ್ಪದೆ ನೋಡಿ. ಅಂಥವರಿಗೆ ದರದಲ್ಲಿ ರಿಯಾಯಿತಿ ಕೊಡುತ್ತೇವೆ, ಕೇಳಲು ಸಂಕೋಚ ಬೇಡ.

ಕಸೂತಿ ಗೊತ್ತಿರುವ ಅಕ್ಕಂದಿರಿಗೆ ಒಂದು ಮಾತು. ಅಲ್ಲಿ ಸೂಫ್ ಎಂಬ ಹೊಲಿಗೆ ಇದೆ. ನಮ್ಮ ಧಾರವಾಡ ಕಸೂತಿಯ ಹಾಗೆ ಅದಕ್ಕೂ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಹೊಲಿಯುವುದು. ಅದೂ ಬಟ್ಟೆಯ ಹಿಂಬದಿಯಿಂದ. 1971ರ ಯುದ್ಧದ ಹೊತ್ತಿನಲ್ಲಿ ಸಿಂಧ್‌ನ ಥಾರ್‌ಪಾರ್ಕರ್‌ನಿಂದ ಬಂದ ಕುಟುಂಬಗಳ ಹೆಂಗಸರ ಕೈಯಲ್ಲಿ ಅದು ಉಳಿದಿದೆ. ಅಹೀರ್, ರಬಾರಿ, ಜತ್, ಮುತ್ವಾ ಹೀಗೆ ಒಂದೊಂದು ಸಮುದಾಯಕ್ಕೂ ಒಂದೊಂದು ಹೊಲಿಗೆ. ಎಲ್ಲವನ್ನೂ ಒಂದೇ ಕಡೆ ನೋಡಬೇಕಾದರೆ ಅಜ್ರಖ್‌ಪುರದ ಎಲ್‌ಎಲ್‌ಡಿಸಿ (ಲಿವಿಂಗ್ ಅಂಡ್ ಲರ್ನಿಂಗ್ ಡಿಸೈನ್ ಸೆಂಟರ್) ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. 1969ರ ಬರಗಾಲದಲ್ಲಿ ಹಳ್ಳಿಯ ಹೆಂಗಸರಿಗೆ ಹೊಲಿಗೆಯಿಂದಲೇ ದುಡಿಮೆ ಸಿಗುವಂತೆ ಮಾಡಿದ ಚಂದಾ ಶ್ರಾಫ್ ಅವರ ಶ್ರುಜನ್ ಸಂಸ್ಥೆ ಅದನ್ನು ಕಟ್ಟಿದೆ. ಚಳಿಗಾಲದಲ್ಲಿ ಅಲ್ಲಿ ಕರಕುಶಲ ಮತ್ತು ಜಾನಪದ ಸಂಗೀತದ ಮೇಳವೂ ನಡೆಯುತ್ತದೆ. ನಮ್ಮ ದಿನಗಳಿಗೆ ಹೊಂದಿದರೆ ಅದಕ್ಕೂ ಕರೆದುಕೊಂಡು ಹೋಗುತ್ತೇವೆ.

ನಿರೋಣಾ ಎಂಬ ಹಳ್ಳಿಗೆ ಅರ್ಧ ದಿನ. ಹರಳೆಣ್ಣೆಯನ್ನು ಕಾಯಿಸಿ ಕಾಯಿಸಿ ಅಂಟು ಮಾಡಿ, ಬಣ್ಣ ಬೆರೆಸಿ, ಅಂಗೈಯಲ್ಲಿ ಇಟ್ಟುಕೊಂಡು ಕಬ್ಬಿಣದ ಕಡ್ಡಿಯಿಂದ ಎಳೆ ಎಳೆಯಾಗಿ ಬಟ್ಟೆ ಮೇಲೆ ಇಳಿಸುವ ರೋಗನ್ ಕಲೆ ಅಲ್ಲಿಯದು. 2019ರಲ್ಲಿ ಪದ್ಮಶ್ರೀ ಪಡೆದ ಅಬ್ದುಲ್ ಗಫೂರ್ ಖತ್ರಿ ಅವರ ಮನೆತನದ ಕೆಲಸ. ದನಗಳ ಕೊರಳಿಗೆ ಕಟ್ಟುವ, ತಾಮ್ರದ ಲೇಪ ಕೊಟ್ಟ ಗಂಟೆಗಳನ್ನೂ ಅದೇ ಊರಿನಲ್ಲಿ ಮಾಡುತ್ತಾರೆ.

ಇನ್ನು ಬಿಳಿ ರಣ ಮತ್ತು ಹುಣ್ಣಿಮೆ. ಇದು ನಿಮ್ಮಲ್ಲಿ ಕೆಲವರಿಗೆ ಬೇಸರ ತರಬಹುದು. ಹುಣ್ಣಿಮೆ ರಾತ್ರಿ ಚೆನ್ನಾಗಿರುತ್ತದೆ, ನಿಜ. ಆದರೆ ಆ ದಿನ ಎಲ್ಲರೂ ಅಲ್ಲೇ ಇರುತ್ತಾರೆ. ವಾಹನಗಳ ಸಾಲು, ದೀಪ, ಗದ್ದಲ. ನಮ್ಮನ್ನು ಕೇಳಿದರೆ ಸೂರ್ಯ ಮುಳುಗುವ ಮುಂಚಿನ ಅರ್ಧ ಗಂಟೆ, ಮುಳುಗಿದ ಮೇಲಿನ ಅರ್ಧ ಗಂಟೆ, ಅದೇ ರಣ ನೋಡುವ ಹೊತ್ತು. ಅದಕ್ಕೆ ಯಾವ ತಿಥಿಯಾದರೂ ಆದೀತು. ಆದ್ದರಿಂದ ಹುಣ್ಣಿಮೆ ನೋಡಿ ದಿನ ಹಾಕುವುದನ್ನು ಬಿಟ್ಟಿದ್ದೇವೆ. ರಣ ನೋಡಿದ ರಾತ್ರಿ ಬನ್ನಿ ಎಂಬ ಹುಲ್ಲುಗಾವಲಿನ ಹೊಡ್ಕಾ ಹಳ್ಳಿಯಲ್ಲಿ, ಊರಿನವರೇ ನಡೆಸುವ ವಸತಿಯ ಭುಂಗಾಗಳಲ್ಲಿ ಮಲಗುತ್ತೇವೆ. ಭುಂಗಾ ಎಂದರೆ ಮಣ್ಣಿನ ದುಂಡು ಮನೆ. 2001ರಲ್ಲಿ ಕಾಂಕ್ರೀಟ್ ಕಟ್ಟಡಗಳು ಬಿದ್ದಾಗಲೂ ಎಷ್ಟೋ ಭುಂಗಾಗಳು ನಿಂತೇ ಇದ್ದವು. ದಾರಿಯಲ್ಲಿ ಎರಡೂ ಬದಿಗೆ ನಮ್ಮ ಬಳ್ಳಾರಿ ಜಾಲಿ ಕಾಣುತ್ತದೆ. ಹೊರಗಿನಿಂದ ಬಂದ ಆ ಗಿಡ ಬನ್ನಿಯ ಹುಲ್ಲನ್ನು ನುಂಗುತ್ತಿದೆ, ಎಮ್ಮೆ ಕಾಯುವ ಮಾಲಧಾರಿಗಳ ದೊಡ್ಡ ಚಿಂತೆ ಅದು. ಭಿರಂಡಿಯಾರಾದಲ್ಲಿ ಗಾಡಿ ನಿಲ್ಲಿಸಿ ಬನ್ನಿ ಎಮ್ಮೆಯ ಹಾಲು ಕುದಿಸಿ ಗಟ್ಟಿ ಮಾಡಿದ ಮಾವಾ ತಿನ್ನಿ. ಊಟಕ್ಕೆ ಸಜ್ಜೆ ರೊಟ್ಟಿ, ಬದನೆಕಾಯಿ, ಬೆಣ್ಣೆ, ಬೆಲ್ಲ, ಮಜ್ಜಿಗೆ. ನಮ್ಮವರಿಗೆ ಒಗ್ಗದೆ ಇರುವ ಮಾತೇ ಇಲ್ಲ.

ಅವತ್ತೇ ರಾತ್ರಿ ಹಾಡು. ವಾಯಿ ಎಂಬ ಸಿಂಧಿ ಸೂಫಿ ಪದಗಳನ್ನು ಹಾಡುವವರು, ಜೋಡಿಯಾ ಪಾವಾ ಎಂಬ ಜೋಡಿ ಕೊಳಲು ನುಡಿಸುವವರು ಬರುತ್ತಾರೆ. ತತ್ವಪದ ಕೇಳಿ ಬೆಳೆದವರಿಗೆ ಮಾತು ತಿಳಿಯದಿದ್ದರೂ ಹಾಡಿನ ದಾರಿ ತಿಳಿಯುತ್ತದೆ. ಊಟದ ಹೊತ್ತಿಗೆ ಹಿನ್ನೆಲೆಯಲ್ಲಿ ಹಾಡಿಸುವುದಿಲ್ಲ. ಊಟ ಮುಗಿದ ಮೇಲೆ ಎಲ್ಲರೂ ಕೂತು ಕೇಳುವುದು. ಅವರಿಗೂ ಪೂರ್ತಿ ಸಂಭಾವನೆ ಇದೆ, ತಟ್ಟೆ ಹಿಡಿಯುವ ಪದ್ಧತಿ ಇಲ್ಲ.

ದಿನಗಳ ವಿಚಾರ. ಮಳೆ ಜಾಸ್ತಿಯಾದ ವರ್ಷ ನವೆಂಬರ್ ಕಳೆದರೂ ರಣದಲ್ಲಿ ನೀರು ನಿಂತಿರುತ್ತದೆ. ಹಾಗಾಗಿ ಡಿಸೆಂಬರ್ ಎರಡನೇ ವಾರಕ್ಕಿಂತ ಮುಂಚೆ ಹೊರಡುವುದಿಲ್ಲ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ನೂಕುನುಗ್ಗಲು, ಆ ವಾರ ಬಿಟ್ಟಿದ್ದೇವೆ. ಸಂಕ್ರಾಂತಿಗೆ ಗುಜರಾತ್ ಪೂರ್ತಿ ಗಾಳಿಪಟ ಹಿಡಿದು ಮಾಳಿಗೆ ಹತ್ತಿರುತ್ತದೆ, ಕೆಲಸ ನೋಡಲು ಸಿಗುವುದಿಲ್ಲ. ಈಗೀಗ ರಂಜಾನ್ ಉಪವಾಸ ಫೆಬ್ರವರಿಯಲ್ಲೇ ಶುರುವಾಗುವುದರಿಂದ ಜನವರಿ ಕೊನೆಗೆ ಪ್ರವಾಸ ಮುಗಿಸುತ್ತೇವೆ. ಒಟ್ಟು ನಾಲ್ಕು ತಂಡ ಮಾತ್ರ.

ದ್ವಾರಕಾ, ಸೋಮನಾಥ ಸೇರಿಸಿ ಎಂದು ಹಿರಿಯರು ಪ್ರತಿ ಸಲ ಕೇಳುತ್ತೀರಿ. ಭುಜ್‌ನಿಂದ ದ್ವಾರಕೆಗೆ ಒಂದು ಹಗಲು ಪೂರ್ತಿ ರಸ್ತೆಯಲ್ಲೇ ಹೋಗುತ್ತದೆ. ಅದನ್ನು ಈ ಪ್ರವಾಸಕ್ಕೆ ಸೇರಿಸುವುದಿಲ್ಲ. ಧೋಲಾವೀರಾ ಮಾತ್ರ ಉಳಿಸಿಕೊಂಡಿದ್ದೇವೆ. 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಆ ಹರಪ್ಪಾ ಕಾಲದ ಊರಿನ ನೀರಿನ ಹೊಂಡಗಳನ್ನು ನೋಡದೆ ಬರುವುದು ಸರಿಯಲ್ಲ.

ಈಗ ದರ. ಹೋದ ವರ್ಷ ತಲೆಗೆ 26,500 ರೂಪಾಯಿ ಇತ್ತು. ಈ ವರ್ಷ 33,000. ಭುಜ್‌ವರೆಗಿನ ಪ್ರಯಾಣ ಇದರಲ್ಲಿ ಇಲ್ಲ. ವಸತಿ, ಊಟ, ಅಲ್ಲಿನ ಓಡಾಟ, ಪರ್ಮಿಟ್ ಎಲ್ಲ ಸೇರಿದೆ. ಇದರಲ್ಲಿ ತಲೆಗೆ 3,500 ರೂಪಾಯಿ ನೇರವಾಗಿ ಕಸುಬುದಾರರಿಗೆ ಮತ್ತು ಹಾಡುಗಾರರಿಗೆ ಹೋಗುತ್ತದೆ. ಯಾವ ಮನೆಗೆ ಎಷ್ಟು ಕೊಟ್ಟೆವು ಎಂಬ ಲೆಕ್ಕವನ್ನು ಪ್ರವಾಸದ ಕೊನೆಯ ದಿನ ನಿಮ್ಮ ಮುಂದೆ ಇಡುತ್ತೇವೆ. ನೀವು ಕೊಂಡ ಬಟ್ಟೆಯ ಮೇಲೆ ನಾವಾಗಲಿ ನಮ್ಮ ಡ್ರೈವರ್ ಆಗಲಿ ಕಮಿಷನ್ ತೆಗೆದುಕೊಳ್ಳುವುದಿಲ್ಲ. ಹಾಗೆಯೇ ಅಲ್ಲಿ ಚೌಕಾಸಿ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇವೆ.

ಹಳೆಯ ಐದು ದಿನದ ಪ್ರವಾಸಕ್ಕೆ ಮುಂಗಡ ಕಟ್ಟಿದವರು ಚಿಂತೆ ಮಾಡಬೇಡಿ. ಹೊಸ ರೀತಿ ಇಷ್ಟವಿಲ್ಲದಿದ್ದರೆ ಹಣ ಪೂರ್ತಿ ವಾಪಸ್. ಮುಂಗಡ ಕಟ್ಟಿ ಬರುವ ಇವರಿಗೆ ಮಾತ್ರ ಹಳೆಯ ದರವೇ ನಡೆಯುತ್ತದೆ, ಹೆಚ್ಚಿನ ಖರ್ಚು ಈ ಒಂದು ಸಲ ನಮ್ಮದು. ಮಂಡಿ ನೋವಿರುವ ಹಿರಿಯರು ಮೊದಲೇ ತಿಳಿಸಿ. ಕುಣಿಮಗ್ಗದ ಹತ್ತಿರ, ಅಚ್ಚಿನ ಮನೆಯಲ್ಲಿ ನೆಲದ ಮೇಲೆ ಕೂರಬೇಕಾಗುತ್ತದೆ, ಕುರ್ಚಿಗೆ ಹೇಳಿಡುತ್ತೇವೆ. ರಣ ಗಡಿ ಪ್ರದೇಶ, ಪರ್ಮಿಟ್‌ಗೆ ಆಧಾರ್ ಕಾರ್ಡಿನ ಅಸಲು ಪ್ರತಿ ಬೇಕು. ಜನವರಿ ರಾತ್ರಿ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು, ಸ್ವೆಟರ್, ಶಾಲು, ಕಾಲುಚೀಲ ಇರಲಿ. ಬೆಂಗಳೂರು–ಗಾಂಧಿಧಾಮ ರೈಲು ಹುಬ್ಬಳ್ಳಿ ಮೇಲೆಯೇ ಹೋಗುತ್ತದೆ, ಆದರೆ ವಾರಕ್ಕೆ ಒಂದೇ. ಸೀಟು ಬೇಗ ತುಂಬುತ್ತದೆ. ಗಾಂಧಿಧಾಮ ಸ್ಟೇಷನ್‌ಗೆ ನಮ್ಮ ಗಾಡಿ ಬರುತ್ತದೆ.

ಯಾವ ತಂಡಕ್ಕೆ ಬರುತ್ತೀರಿ ಎಂದು ನವೆಂಬರ್ 10ರ ಒಳಗೆ ನಿಮ್ಮ ಹತ್ತಿರ ಇರುವ ನಮ್ಮ ಹಳೆಯ ನಂಬರಿಗೇ ಫೋನ್ ಮಾಡಿ ತಿಳಿಸಿ. ಅಜ್ರಖ್‌ಪುರದ ಮನೆಗಳಿಗೆ ನಾವು ದಿನ ಗೊತ್ತುಮಾಡಿ ಹೇಳಬೇಕು, ಅವರು ತಮ್ಮ ಆರ್ಡರ್ ಕೆಲಸವನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಾರೆ.

ಇಂತಿ ನಿಮ್ಮ,
ಹುಬ್ಬಳ್ಳಿಯ ಪ್ರವಾಸ ಬಳಗದವರು