ಭಾನುವಾರದ ಲೆಕ್ಕಕ್ಕೆ ಮಳೆ ಡೈರಿ ಬೇಕು
ಎಲ್ಲರಿಗೂ ನಮಸ್ಕಾರ. ಈ ವಾರದ ಸಂಖ್ಯಾಶಾಸ್ತ್ರ ಅಭ್ಯಾಸಕ್ಕೆ ಪುಸ್ತಕದ ದಾಳ, ನಾಣ್ಯದ ಲೆಕ್ಕ ಬೇಡ. ಕಾಫಿ ತೋಟ ಇರುವವರು ಮಳೆ ಡೈರಿಯ (ದಿನದಿನದ ಮಳೆ ಅಳೆದು ಬರೆದಿಡುವ ಪುಸ್ತಕ) ಮಾರ್ಚ್–ಏಪ್ರಿಲ್ ಪುಟಗಳ ಫೋಟೊ ಹಾಕಿ. ಇಲ್ಲದವರು ಪಕ್ಕದ ತೋಟದವರನ್ನು ಕೇಳಿ. ಚಿಕ್ಕಮಗಳೂರಲ್ಲಿ ಮಳೆ ಲೆಕ್ಕ ಇಡದವರು ಸಿಗೋದೇ ಕಷ್ಟ! ಇಂಚು–ಸೆಂಟಲ್ಲಿ ಬರೆದಿದ್ದರೆ ಮಿಲಿಮೀಟರಿಗೆ ತನ್ನಿ: 100 ಸೆಂಟ್ ಅಂದರೆ 1 ಇಂಚು, ಅಂದರೆ 25.4 ಮಿ.ಮೀ.

ಆಮೇಲೆ ಸರಾಸರಿ, ಮಧ್ಯಾಂಕ (ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ ನಡುವೆ ಬರುವ ಬೆಲೆ) ಎರಡೂ ತೆಗೆಯಿರಿ. 10 ದಿನದಲ್ಲಿ ಒಂದೇ ದಿನ 40 ಮಿ.ಮೀ. ಸುರಿದು ಉಳಿದ 9 ದಿನ ಒಣಗಿದ್ದರೆ ಸರಾಸರಿ 4, ಮಧ್ಯಾಂಕ ಸೊನ್ನೆ. ಕಾಫಿ ಹೂವಿಗೆ ಬೇಕಾದದ್ದು ಆ ಒಂದು ದಿನದ ಮಳೆ. ಅದನ್ನು ಎರಡೂ ಹೇಳಲ್ಲ. ಹಾಗಾದರೆ ಯಾವ ಅಳತೆ ಹೇಳುತ್ತೆ? ಯೋಚಿಸಿ ಬನ್ನಿ.

ಡೈರಿಯಲ್ಲಿ ಖಾಲಿ ಇರುವ ದಿನ ಸೊನ್ನೆಯೋ, ಅಳೆಯಲು ಮರೆತದ್ದೋ ಮನೆ ಹಿರಿಯರನ್ನು ಕೇಳಿ. ಶನಿವಾರ ರಾತ್ರಿಯೊಳಗೆ ಕಳಿಸಿ.